ಏರೋಟರ್‌ಗೆ ಎಣ್ಣೆ ಹಾಕುವವರು ಯಾರು?

(ಯುವಕರ ಭಾನುವಾರದ ಸಭೆಯಲ್ಲಿ ಮುದ್ರಣಾಲಯ ನಡೆಸುವ ಗೆಳೆಯರೊಬ್ಬರು ಆಡಿದ ಮಾತುಗಳ ಬರಹ ರೂಪ)



ನನ್ನನ್ನು ಇಲ್ಲಿಗೆ ಕರೆದ ಹುಡುಗರು ಒಂದು ಷರತ್ತು ಹಾಕಿದ್ದಾರೆ. ‘ಅಣ್ಣಾ, ಭಾಷಣ ಬೇಡ. ಭಾಷಣ ಮಾಡುವವರು ನಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನಿಮಗೆ ಗೊತ್ತಿರುವ ಒಂದು ಕೆಲಸದ ಬಗ್ಗೆ ಹೇಳಿ’ ಅಂದರು. ಷರತ್ತು ನನಗೆ ಒಪ್ಪಿಗೆಯಾಯಿತು. ನಾನು ಪಿಯುಸಿ ಓದಿದವನು. ಕೈಗೆ ಮಸಿ ಅಂಟಿದ ಮೇಲೆ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ನಮ್ಮಪ್ಪ ಟ್ರೆಡಲ್ ಮಶಿನ್ ತುಳಿದು ನಮ್ಮನ್ನು ಸಾಕಿದರು. ನಾನು ಆಫ್‌ಸೆಟ್ ಓಡಿಸಿ ನನ್ನ ಮಕ್ಕಳನ್ನು ಸಾಕುತ್ತಿದ್ದೇನೆ. ಮದುವೆ ಪತ್ರಿಕೆ, ಬಿಲ್ ಬುಕ್ಕು, ನಿಮ್ಮ ಕರಪತ್ರ, ಎಲ್ಲಾ ನಮ್ಮಲ್ಲೇ ಅಚ್ಚಾಗುವುದು.

ಆದರೆ ಇವತ್ತು ಅಚ್ಚಿನ ಮಾತಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದವರೆಲ್ಲ ಕೇಳಿರುತ್ತೀರಿ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದರೆ ಒಂದು ಸಣ್ಣ ಯಂತ್ರ ಕೀಂಯ್ ಅಂತ ಕೂಗುತ್ತದಲ್ಲ, ಅದರ ಮಾತು. ಅದಕ್ಕೆ ಹ್ಯಾಂಡ್‌ಪೀಸ್ ಎನ್ನುತ್ತಾರೆ. ಕ್ಲಿನಿಕ್ಕುಗಳಲ್ಲಿ ಬಳಕೆಯ ಹೆಸರು ಏರೋಟರ್. ಅದು ಹೇಗೆ ಕೆಡುತ್ತದೆ, ಕೆಡದಂತೆ ಹೇಗೆ ಕಾಪಾಡಬೇಕು, ಕೆಟ್ಟರೆ ಹೇಗೆ ರಿಪೇರಿ ಮಾಡಬೇಕು, ಇಷ್ಟೇ ನನ್ನ ವಿಷಯ. ‘ಪ್ರೆಸ್ಸಿನವನಿಗೂ ಹಲ್ಲಿಗೂ ಏನಪ್ಪಾ ಸಂಬಂಧ?’ ಅಂತ ನಗಬೇಡಿ. ಸಂಬಂಧ ನನ್ನ ದವಡೆ ಹಲ್ಲಿನಿಂದಲೇ ಶುರುವಾಯಿತು.

ಅರ್ಧ ಕೊರೆದ ಹಲ್ಲು

ನಾಲ್ಕು ವರ್ಷದ ಹಿಂದಿನ ಮಾತು. ಹಲ್ಲು ನೋವು ತಡೆಯಲಾರದೆ ನಮ್ಮ ಬಡಾವಣೆಯ ಒಂದು ಕ್ಲಿನಿಕ್ಕಿಗೆ ಹೋದೆ. ಹೆಸರು ಬೇಡ. ಡಾಕ್ಟರು ಒಳ್ಳೆಯವರು, ಅವರ ಚೀಟಿ ಪುಸ್ತಕ ಅಚ್ಚು ಹಾಕುವವನೂ ನಾನೇ. ಇಂಜೆಕ್ಷನ್ ಕೊಟ್ಟರು, ಕೊರೆಯಲು ಶುರು ಮಾಡಿದರು. ಅರ್ಧ ಕೊರೆದಿದ್ದಾರೆ, ಕೀಂಯ್ ಅನ್ನುತ್ತಿದ್ದ ಸದ್ದು ಕರಕರ ಅಂತು. ಮತ್ತೆ ಗರ್ ಅಂತು. ಆಮೇಲೆ ನಿಂತೇ ಹೋಯಿತು. ಡಾಕ್ಟರು ಇನ್ನೊಂದು ಹ್ಯಾಂಡ್‌ಪೀಸ್ ಕೇಳಿದರು. ಸಹಾಯಕಿ ತಲೆ ತಗ್ಗಿಸಿ, ‘ಸಾರ್, ಅದು ರಿಪೇರಿಗೆ ಹೋಗಿದೆ’ ಅಂದಳು.

ಅರ್ಧ ಕೊರೆದ ಹಲ್ಲಿಗೆ ತಾತ್ಕಾಲಿಕ ಸಿಮೆಂಟು ತುಂಬಿ ಕಳಿಸಿದರು. ಹನ್ನೊಂದು ದಿನ ನಾನು ಒಂದೇ ಕಡೆಯಲ್ಲಿ ಮುದ್ದೆ ನುಂಗಿದೆ. ಮಧ್ಯೆ ಒಂದು ದಿನ ಹೋಗಿ ಕೇಳಿದರೆ, ‘ಏನು ಮಾಡಲಿ, ಕಳಿಸಿದ್ದು ವಾಪಸ್ ಬರಲು ಹದಿನೈದು ದಿನ ಆಗುತ್ತೆ’ ಅಂತ ಅವರೇ ಬೇಜಾರು ಮಾಡಿಕೊಂಡರು. ನನಗೆ ಸುಮ್ಮನಿರಲಾಗಲಿಲ್ಲ. ಇಪ್ಪತ್ತು ವರ್ಷ ಮಶಿನ್ನಿನ ಬೇರಿಂಗ್ ಬದಲಿಸಿದ ಕೈ ಇದು. ‘ಆ ನಿಂತುಹೋದದ್ದನ್ನು ನನಗೆ ಕೊಡಿ ಸಾರ್, ನೋಡ್ತೀನಿ’ ಅಂದೆ. ‘ಹೇಗೂ ಕೆಟ್ಟಿದೆ, ನೋಡಿ’ ಅಂತ ಕೊಟ್ಟರು.

ಅವತ್ತು ನನಗಿದ್ದದ್ದು ತಿಳಿವಳಿಕೆಯಲ್ಲ, ಬರೀ ಸೊಕ್ಕು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಯಂತ್ರ ಏನು ಅಂತ ತಿಳಿಯೋಣ.

ತುಳಿಯುವ ಯಂತ್ರದಿಂದ ಗಾಳಿ ಚಕ್ರಕ್ಕೆ

ನಮ್ಮ ಟ್ರೆಡಲ್ ಪ್ರೆಸ್ಸಿಗೂ ಹಲ್ಲು ಕೊರೆಯುವ ಯಂತ್ರಕ್ಕೂ ಒಂದು ದಾಯಾದಿ ಸಂಬಂಧ ಇದೆ ಅಂದರೆ ನಂಬುತ್ತೀರಾ? 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಅನ್ನುವವರು ಕಾಲಿನಿಂದ ತುಳಿದು ಹಲ್ಲು ಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ನಮ್ಮಪ್ಪ ಪ್ರೆಸ್ ತುಳಿದಂತೆ ಆ ಕಾಲದ ಡಾಕ್ಟರು ನಿಂತುಕೊಂಡು ಪೆಡಲ್ ತುಳಿಯುತ್ತಾ ಹಲ್ಲು ಕೊರೆಯುತ್ತಿದ್ದರು! ಆಮೇಲೆ ಕರೆಂಟಿನ ಯಂತ್ರ ಬಂತು. 1949ರಲ್ಲಿ ನ್ಯೂಜಿಲೆಂಡಿನಲ್ಲಿ ಜಾನ್ ಪ್ಯಾಟ್ರಿಕ್ ವಾಲ್ಶ್ ಅನ್ನುವವರು ಗಾಳಿಯಿಂದ ತಿರುಗುವ ಚಕ್ರದ ದಾರಿ ತೋರಿಸಿದರು. 1957ರಲ್ಲಿ ಅಮೆರಿಕದ ಡಾಕ್ಟರ್ ಜಾನ್ ಬೋರ್ಡನ್ ಅವರ ‘ಏರೋಟರ್’ ಮಾರುಕಟ್ಟೆಗೆ ಬಂತು. ಆ ಹೆಸರೇ ನಮ್ಮ ಊರಿನ ಕ್ಲಿನಿಕ್ಕುಗಳಲ್ಲಿ ಇವತ್ತಿಗೂ ಉಳಿದಿದೆ. ಯಾವ ಕಂಪನಿಯದ್ದಾದರೂ ಸರಿ, ನಮಗೆ ಅದು ಏರೋಟರ್.

ಅದರ ವೇಗ ಎಷ್ಟು ಗೊತ್ತೇ? ನಿಮಿಷಕ್ಕೆ 3 ಲಕ್ಷದಿಂದ 4 ಲಕ್ಷ ಸುತ್ತು. 3 ಲಕ್ಷ ಅಂತಲೇ ಹಿಡಿಯಿರಿ. ಸೆಕೆಂಡಿಗೆ 5,000 ಸುತ್ತಾಯಿತು. ನನ್ನ ಮಿನಿ ಆಫ್‌ಸೆಟ್ ಗಂಟೆಗೆ 8,000 ಹಾಳೆ ಹೊಡೆದರೆ ನಾನು ಮೀಸೆ ತಿರುವುತ್ತೇನೆ. ಆಗ ಅದರ ಸಿಲಿಂಡರು ನಿಮಿಷಕ್ಕೆ ಸುಮಾರು 133 ಸುತ್ತು ತಿರುಗುತ್ತದೆ. ಅಂದರೆ ನನ್ನ ಮಶಿನ್ನು 37 ನಿಮಿಷದಲ್ಲಿ ತಿರುಗುವಷ್ಟನ್ನು ಏರೋಟರ್ ಒಂದೇ ಸೆಕೆಂಡಿನಲ್ಲಿ ತಿರುಗಿ ಮುಗಿಸುತ್ತದೆ.

ಇಷ್ಟು ಜೋರಾಗಿ ತಿರುಗುವುದು ಏನು? ತಲೆಯ ಒಳಗೆ ಕಡಲೆಕಾಳಿನಷ್ಟು ಗಾತ್ರದ ಒಂದು ಗಾಳಿ ಚಕ್ರ ಇದೆ. ಹಳ್ಳಿಯ ಹುಡುಗರು ತಾಳೆಗರಿಯ ಗಿರಗಿಟ್ಲೆ ಮಾಡಿ ಗಾಳಿಗೆ ಹಿಡಿಯುತ್ತಾರಲ್ಲ, ತತ್ವ ಅದೇ. ಕಂಪ್ರೆಸರಿನ ಗಾಳಿ ಬಂದು ಅದರ ರೆಕ್ಕೆಗೆ ಹೊಡೆಯುತ್ತದೆ, ಚಕ್ರ ತಿರುಗುತ್ತದೆ. ಚಕ್ರದ ನಡುವೆ ಸ್ಪಿಂಡಲ್. ಸ್ಪಿಂಡಲಿನ ಒಳಗೆ ಚಕ್. ಕೊರೆಯುವ ಮೊನೆಗೆ ಬರ್ ಅನ್ನುತ್ತಾರೆ, ಅದರ ಕಾಂಡ 1.6 ಮಿಲಿಮೀಟರ್ ದಪ್ಪ. ಅದನ್ನು ಕಚ್ಚಿ ಹಿಡಿಯುವುದು ಚಕ್ಕಿನ ಕೆಲಸ. ಸ್ಪಿಂಡಲಿನ ಮೇಲೊಂದು ಕೆಳಗೊಂದು ಬೇರಿಂಗು. ಸಾಮಾನ್ಯವಾಗಿ ಬೇರಿಂಗಿನ ಒಳ ಅಳತೆ 3.175 ಮಿಲಿಮೀಟರ್, ಹೊರ ಅಳತೆ 6.35 ಮಿಲಿಮೀಟರ್. ಅದರೊಳಗಿನ ಗುಂಡುಗಳು ರಾಗಿ ಕಾಳಿಗಿಂತ ಸಣ್ಣವು. ಕೆಲವದರಲ್ಲಿ ಉಕ್ಕಿನ ಗುಂಡು, ಕೆಲವದರಲ್ಲಿ ಸೆರಾಮಿಕ್ ಗುಂಡು. ಎರಡು ಬೇರಿಂಗಿಗೂ ರಬ್ಬರಿನ ಓ ರಿಂಗ್ ಆಸರೆ, ಒಂದು ಸ್ಪ್ರಿಂಗ್ ವಾಷರ್, ಮೇಲೆ ತಿರುಪಿನ ಮುಚ್ಚಳ. ಚಕ್ರ, ಸ್ಪಿಂಡಲ್, ಬೇರಿಂಗ್ ಎಲ್ಲ ಸೇರಿದ ಆ ಗಂಟಿಗೆ ಕಾರ್ಟ್ರಿಜ್ ಅಂತ ಹೆಸರು. ಮುಗಿಯಿತು. ದೊಡ್ಡ ರಹಸ್ಯ ಏನೂ ಇಲ್ಲ.

ಕೊರೆಯುವಾಗ ಬಾಯಿಗೆ ನೀರು ಚಿಮ್ಮುತ್ತದಲ್ಲ, ಅದು ಬಾಯಿ ತೊಳೆಯಲು ಅಂತ ನಾನು ತಿಳಿದಿದ್ದೆ. ಅಲ್ಲ. ಅಷ್ಟು ವೇಗದಲ್ಲಿ ಉಜ್ಜಿದರೆ ಹಲ್ಲು ಕಾಯುತ್ತದೆ. 1965ರಲ್ಲಿ ಜಾಕ್ ಮತ್ತು ಕೋಹೆನ್ ಅನ್ನುವ ಇಬ್ಬರು ಸಂಶೋಧಕರು ಮಂಗಗಳ ಹಲ್ಲಿನ ಮೇಲೆ ಪರೀಕ್ಷೆ ಮಾಡಿದರು. ಹಲ್ಲಿನ ಒಳಗಿನ ತಿರುಳಿನ ಶಾಖ ಬರೀ 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ನೂರಕ್ಕೆ 15 ಹಲ್ಲುಗಳ ತಿರುಳು ಸತ್ತೇಹೋಯಿತು. ಅದಕ್ಕೆ ನೀರು. ನೀರಿನ ತೂತು ಕಟ್ಟಿಕೊಂಡ ಹ್ಯಾಂಡ್‌ಪೀಸಿನಲ್ಲಿ ಕೊರೆದರೆ ಹುಳುಕು ಹೋಗಬಹುದು, ಜತೆಗೆ ಹಲ್ಲಿನ ಜೀವವೂ ಹೋಗಬಹುದು.

ನನ್ನ ಸೊಕ್ಕು ಮುರಿದ ಕತೆ

ಈಗ ನನ್ನ ಕತೆಗೆ ಬನ್ನಿ. ಆ ಹ್ಯಾಂಡ್‌ಪೀಸನ್ನು ತಂದು ಮಶಿನ್ನಿನ ಪಕ್ಕದ ಮೇಜಿನ ಮೇಲೆ ಬಿಚ್ಚಿದೆ. ಕೆಳಗಿನ ಬೇರಿಂಗ್ ಪುಡಿಯಾಗಿತ್ತು. ಅಳತೆ ನೋಡಿ ಹೊಸ ಬೇರಿಂಗ್ ತರಿಸಿದೆ. ಒಂದು ಸಣ್ಣ ಕೊಳವೆ ಇಟ್ಟು ತಟ್ಟಿ ಕೂರಿಸಿದೆ. ಮುಚ್ಚಳ ಬಿಗಿ ಮಾಡಿದೆ. ಪ್ರೆಸ್ಸಿನ ಎಣ್ಣೆ ಡಬ್ಬದಿಂದಲೇ ಎರಡು ತೊಟ್ಟು ಎಣ್ಣೆ ಬಿಟ್ಟೆ. ಕ್ಲಿನಿಕ್ಕಿನಲ್ಲಿ ಹಾಕಿ ತಿರುಗಿಸಿದಾಗ ಕೀಂಯ್ ಅಂತು. ನನಗೋ ಖುಷಿಯೋ ಖುಷಿ. ಹತ್ತು ನಿಮಿಷ. ಆಮೇಲೆ ತಲೆ ಕೈ ಸುಡುವಷ್ಟು ಕಾದು, ಚೀರಿ, ನಿಂತಿತು. ಈ ಸಲ ಬೇರಿಂಗ್ ಮಾತ್ರವಲ್ಲ, ಸ್ಪಿಂಡಲೂ ಹೋಗಿತ್ತು. ಹೊಸ ಕಾರ್ಟ್ರಿಜ್ಜಿನ ದುಡ್ಡು ನಾನೇ ಕೊಟ್ಟೆ. ಪುಣ್ಯಕ್ಕೆ ಆಗ ಅದು ಯಾರ ಬಾಯಲ್ಲೂ ಇರಲಿಲ್ಲ.

ಅವಮಾನ ತಡೆಯಲಾರದೆ ರಿಪೇರಿ ಬಲ್ಲವರನ್ನು ಹುಡುಕಿಕೊಂಡು ಹೋದೆ. ಹಳೆ ಪೇಟೆಯ ಒಂದು ಮಾಳಿಗೆ ಕೋಣೆಯಲ್ಲಿ ವಯಸ್ಸಾದ ಒಬ್ಬರು ಈ ಕೆಲಸ ಮಾಡುತ್ತಿದ್ದರು. ಎಲ್ಲ ಕೇಳಿಸಿಕೊಂಡು ನಕ್ಕರು. ‘ನೀವು ಮೂರು ತಪ್ಪು ಮಾಡಿದ್ದೀರಿ’ ಅಂದರು.

ಒಂದನೆಯ ತಪ್ಪು: ಬೇರಿಂಗಿನ ಹೊರಬಳೆಯ ಮೇಲೆ ಕೊಳವೆ ಇಟ್ಟು ತಟ್ಟಿದ್ದು. ಸ್ಪಿಂಡಲಿಗೆ ಬಿಗಿಯಾಗಿ ಕೂರುವುದು ಒಳಬಳೆ. ಹೊರಬಳೆಯನ್ನು ಒತ್ತಿದರೆ ಆ ಭಾರವೆಲ್ಲ ನಡುವಿನ ಗುಂಡುಗಳ ಮೇಲೆ ಬೀಳುತ್ತದೆ. ಗುಂಡು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿ ಬೀಳುತ್ತದೆ. ನಿಮಿಷಕ್ಕೆ 3 ಲಕ್ಷ ಸುತ್ತಿನಲ್ಲಿ ಆ ಗುಳಿಯೇ ಯಮ. ಆದ್ದರಿಂದ ಒಳಬಳೆಯನ್ನು ಮಾತ್ರ ಹಿಡಿಯುವ ಸಾಧನದಿಂದ, ತಟ್ಟದೆ, ನೇರವಾಗಿ ಒತ್ತಿ ಕೂರಿಸಬೇಕು. ಬೇರಿಂಗಿಗೆ ಮುಖ ಇದೆ, ಯಾವ ಕಡೆ ತಿರುಗಿಸಿ ಕೂರಿಸಬೇಕು ಅನ್ನುವುದೂ ಮುಖ್ಯ.

ಎರಡನೆಯ ತಪ್ಪು: ಪ್ರೆಸ್ಸಿನೊಳಗೆ ಬಿಚ್ಚಿದ್ದು. ಹಸಿ ಮಸಿ ಒಂದಕ್ಕೊಂದು ಅಂಟದಿರಲಿ ಅಂತ ಆಫ್‌ಸೆಟ್ಟಿನಲ್ಲಿ ಹಾಳೆಗಳ ಮೇಲೆ ಗಂಜಿ ಪುಡಿ ಉದುರಿಸುತ್ತೇವೆ. ಅದು ಗಾಳಿಯಲ್ಲಿ ತೇಲಿ ಎಲ್ಲ ಕಡೆ ಕೂರುತ್ತದೆ. ರಾಗಿಗಿಂತ ಸಣ್ಣ ಗುಂಡಿಗೆ ಆ ಪುಡಿಯ ಒಂದು ಕಣ ಅಂದರೆ ರಸ್ತೆಗೆ ಬಿದ್ದ ಬಂಡೆ.

ಮೂರನೆಯ ತಪ್ಪು: ಎಣ್ಣೆ. ಪ್ರೆಸ್ಸಿನ ಎಣ್ಣೆ, ಹೊಲಿಗೆ ಮಶಿನ್ನಿನ ಎಣ್ಣೆ, ಕೊಬ್ಬರಿ ಎಣ್ಣೆ, ಯಾವುದೂ ಇದಕ್ಕೆ ನಡೆಯುವುದಿಲ್ಲ. ಆಟೋಕ್ಲೇವಿನ ಶಾಖಕ್ಕೆ ಅಂಥ ಎಣ್ಣೆ ಅಂಟಾಗಿ ಕೂರುತ್ತದೆ. ಹ್ಯಾಂಡ್‌ಪೀಸಿಗೆಂದೇ ತಯಾರಿಸಿದ ತೆಳು ಎಣ್ಣೆಯನ್ನೇ ಹಾಕಬೇಕು.

ಆ ಹಿರಿಯರು ಇನ್ನೊಂದು ಮಾತು ಹೇಳಿದರು. ‘ರಿಪೇರಿ ಕಲಿಯಲು ಮೂರು ತಿಂಗಳು ಸಾಕು. ಆದರೆ ನನ್ನ ಹತ್ತಿರ ಬರುವ ಪೀಸುಗಳಲ್ಲಿ ಹೆಚ್ಚಿನವು ಬರಬೇಕಾದವೇ ಅಲ್ಲ. ಅವು ಸವೆದು ಕೆಟ್ಟಿಲ್ಲ, ನೋಡಿಕೊಳ್ಳದೆ ಕೆಟ್ಟಿವೆ.’ ನನ್ನ ಅಕ್ಕನ ಮಗ ಐಟಿಐ ಫಿಟ್ಟರ್ ಮುಗಿಸಿ ಕೆಲಸ ಹುಡುಕುತ್ತಿದ್ದ. ಅವನನ್ನು ಅವರ ಹತ್ತಿರ ಬಿಟ್ಟೆ. ಈಗ ನಮ್ಮ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ, ಗಂಜಿ ಪುಡಿ ತಲುಪದ ಹಾಗೆ ಬಾಗಿಲು ಮುಚ್ಚಿಕೊಂಡು, ಅವನೇ ಈ ಕೆಲಸ ಮಾಡುತ್ತಿದ್ದಾನೆ.

ಸಂಬಳ ಮುರಿದದ್ದು ಯಾರ ತಪ್ಪಿಗೆ?

ಒಂದು ಕ್ಲಿನಿಕ್ಕಿನಿಂದ ಎರಡು ತಿಂಗಳಿಗೊಮ್ಮೆ ಹ್ಯಾಂಡ್‌ಪೀಸ್ ರಿಪೇರಿಗೆ ಬರುತ್ತಿತ್ತು. ಬೇರಿಂಗಿನ ತುಂಬ ತುಕ್ಕು. ನನ್ನ ಸೋದರಳಿಯ, ‘ಮಾವ, ಇದು ಓಡಿ ಸವೆದದ್ದಲ್ಲ, ನೆನೆದು ಸತ್ತದ್ದು. ಹೋಗಿ ನೋಡಿ ಬರೋಣ’ ಅಂದ. ಹೋದೆವು.

ಅಲ್ಲೊಬ್ಬ ಹುಡುಗಿ ಸಹಾಯಕಿ. ಹತ್ತನೇ ಕ್ಲಾಸು ಪಾಸಾಗಿ ಕೆಲಸಕ್ಕೆ ಸೇರಿದವಳು. ಕಸ ಗುಡಿಸುವುದರಿಂದ ಉಪಕರಣ ತೊಳೆಯುವವರೆಗೆ ಎಲ್ಲವೂ ಅವಳದ್ದೇ. ‘ಹೇಗಮ್ಮ ತೊಳೀತೀಯ?’ ಅಂತ ಕೇಳಿದೆ. ತೋರಿಸಿದಳು. ಬಾಕಿ ಉಪಕರಣಗಳ ಜತೆಗೆ ಹ್ಯಾಂಡ್‌ಪೀಸನ್ನೂ ಕ್ರಿಮಿನಾಶಕ ದ್ರಾವಣದ ಟ್ರೇಯಲ್ಲಿ ಮುಳುಗಿಸಿ ಇಡುತ್ತಿದ್ದಳು! ‘ಚೆನ್ನಾಗಿ ಕ್ಲೀನಾಗಲಿ ಅಂತ ರಾತ್ರಿಯೆಲ್ಲ ಇಡ್ತೀನಿ ಅಣ್ಣಾ’ ಅಂದಳು. ಎಣ್ಣೆ ಹಾಕುತ್ತಿದ್ದದ್ದು ಗಾಳಿ ಹೊರಗೆ ಬರುವ ತೂತಿಗೆ. ಒಂದು ತೊಟ್ಟೂ ಬೇರಿಂಗಿಗೆ ತಲುಪುತ್ತಿರಲಿಲ್ಲ. ಪಾಪ, ಮೈಗಳ್ಳತನ ಇಲ್ಲ, ಶ್ರದ್ಧೆ ಇದೆ. ಆ ಶ್ರದ್ಧೆಯಿಂದಲೇ ಯಂತ್ರ ಕೆಡಿಸುತ್ತಿದ್ದಾಳೆ. ಪ್ರತಿ ಸಲ ಕೆಟ್ಟಾಗಲೂ ಅವಳ ಸಂಬಳದಲ್ಲಿ ದುಡ್ಡು ಮುರಿದುಕೊಳ್ಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

‘ಇದರ ಪುಸ್ತಕ ಇಲ್ವೇನಮ್ಮ?’ ಅಂದೆ. ಬೀರುವಿನ ತಳದಿಂದ ತಂದುಕೊಟ್ಟಳು. ಎಲ್ಲವನ್ನೂ ಬರೆದಿದ್ದರು, ಏನನ್ನೂ ಬಿಟ್ಟಿರಲಿಲ್ಲ. ಎಂಟು ಭಾಷೆಯಲ್ಲಿ ಬರೆದಿದ್ದರು. ಆ ಎಂಟರಲ್ಲಿ ಕನ್ನಡ ಇರಲಿಲ್ಲ. ಡಾಕ್ಟರಿಗೆ ಓದಲು ಬರುತ್ತದೆ, ಆದರೆ ಎಣ್ಣೆ ಹಾಕುವವರು ಡಾಕ್ಟರಲ್ಲ. ಎಣ್ಣೆ ಹಾಕುವವಳಿಗೆ ಆ ಭಾಷೆ ಬಾರದು.

ಗೆಳೆಯರೇ, ನಾವು ಕನ್ನಡ ಕನ್ನಡ ಅನ್ನುವಾಗ ಬೋರ್ಡು, ಬಾವುಟ ನೆನಪಾಗುತ್ತದೆ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಹುಡುಗಿಯ ಕೈಯಲ್ಲಿದ್ದ ಪುಸ್ತಕ ನೋಡಿದ ದಿನ ನನಗೆ ಬೇರೊಂದು ಹೊಳೆಯಿತು. ಒಂದು ಸಂಗತಿ ಕನ್ನಡದಲ್ಲಿ ಇಲ್ಲದಿದ್ದರೆ ಅದರ ದಂಡ ಯಾರೋ ಒಬ್ಬರ ಸಂಬಳದ ಕವರಿನಿಂದ ಹೋಗುತ್ತದೆ. ನಾನು ಪ್ರೆಸ್ಸಿನವನು. ಕಾಗದ ಇದೆ, ಮಸಿ ಇದೆ. ಇನ್ನೇನು ಬೇಕು? ಅಕ್ಕನ ಮಗ ಹೇಳಿದ, ನಾನು ಬರೆದೆ, ಡಾಕ್ಟರು ಓದಿ ತಿದ್ದಿದರು. ದಪ್ಪ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಕೈ ತೊಳೆಯುವ ಸಿಂಕಿನ ಮೇಲೆ ನೇತುಹಾಕಿದೆವು.

ಕಾರ್ಡಿನಲ್ಲಿ ಇದ್ದದ್ದು

ಅದರಲ್ಲಿದ್ದದ್ದನ್ನು ನಿಮಗೂ ಹೇಳುತ್ತೇನೆ, ನಿಮ್ಮ ಮನೆಯವರೋ ಗೆಳೆಯರೋ ಇಂಥ ಕೆಲಸದಲ್ಲಿದ್ದರೆ ತಿಳಿಸಿ.

1. ಪ್ರತಿ ರೋಗಿಯ ಕೆಲಸ ಮುಗಿದ ತಕ್ಷಣ ಹ್ಯಾಂಡ್‌ಪೀಸಿನಲ್ಲಿ ಗಾಳಿ, ನೀರು ಬಿಟ್ಟು 20ರಿಂದ 30 ಸೆಕೆಂಡು ಓಡಿಸಿ. ಒಳಗೆ ಎಳೆದುಕೊಂಡದ್ದು ಹೊರಗೆ ಬರಲಿ.

2. ಬರ್ ತೆಗೆಯಿರಿ. ಹೊರಮೈಯನ್ನು ಬ್ರಷ್ಷು, ಒದ್ದೆ ಬಟ್ಟೆಯಿಂದ ಒರೆಸಿ. ಯಾವ ದ್ರಾವಣದಲ್ಲೂ ಮುಳುಗಿಸಬೇಡಿ. ಅಲ್ಟ್ರಾಸೋನಿಕ್ ತೊಟ್ಟಿಗೂ ಹಾಕಬೇಡಿ.

3. ಆಟೋಕ್ಲೇವಿಗೆ ಹಾಕುವ ಮೊದಲು ಎಣ್ಣೆ. ನಾಲ್ಕು ತೂತಿನ ಪೀಸಿನಲ್ಲಿ ಎರಡು ದೊಡ್ಡ ತೂತು, ಎರಡು ಸಣ್ಣ ತೂತು. ಅತಿ ದೊಡ್ಡ ತೂತಿಗೆ ಹಾಕಬೇಡಿ, ಅದು ಗಾಳಿ ಹೊರಗೆ ಬರುವ ದಾರಿ. ಅದಕ್ಕಿಂತ ಸ್ವಲ್ಪ ಸಣ್ಣದಿದೆಯಲ್ಲ, ಎರಡನೆಯ ದೊಡ್ಡದು, ಅದಕ್ಕೆ ಹಾಕಿ. ಎರಡು ತೂತಿನ ಪೀಸಾದರೆ ದೊಡ್ಡದಕ್ಕೆ ಹಾಕಿ, ಸಣ್ಣದು ನೀರಿನದು. ಎಣ್ಣೆಯೇ ಬೇಡದ ಮಾದರಿಗಳೂ ಕೆಲವು ಇವೆ, ಅವಕ್ಕೆ ಹಾಕಲೇಬೇಡಿ.

4. ಎಣ್ಣೆ ಹಾಕಿದ ಮೇಲೆ ಬರ್ ಸಿಕ್ಕಿಸಿ, ತಲೆಯನ್ನು ಬಿಳಿ ಕಾಗದದ ಕಡೆ ಹಿಡಿದು 20ರಿಂದ 30 ಸೆಕೆಂಡು ಓಡಿಸಿ. ಕಾಗದದ ಮೇಲೆ ಕಪ್ಪು ಎಣ್ಣೆ ಬಿದ್ದರೆ ಒಳಗೆ ಕೊಳೆ ಇದೆ ಅಂತ ಅರ್ಥ. ಮತ್ತೆ ಎಣ್ಣೆ ಹಾಕಿ, ತಿಳಿಯಾಗುವವರೆಗೆ ಓಡಿಸಿ. ಬರ್ ಇಲ್ಲದೆ ಯಾವತ್ತೂ ಓಡಿಸಬೇಡಿ, ಚಕ್ ಕೆಡುತ್ತದೆ.

5. ಆಮೇಲೆ ಬರ್ ತೆಗೆದು, ಚೀಲದಲ್ಲಿ ಹಾಕಿ ಮುಚ್ಚಿ ಆಟೋಕ್ಲೇವಿಗೆ ಇಡಿ. 121 ಡಿಗ್ರಿಯೋ 134 ಡಿಗ್ರಿಯೋ, ಎಷ್ಟು ನಿಮಿಷವೋ, ಪೀಸಿನ ಮೇಲೆ ಮತ್ತು ಪುಸ್ತಕದಲ್ಲಿ ಇದ್ದಂತೆ. ಅದಕ್ಕಿಂತ ಹೆಚ್ಚು ಕಾಯಿಸಬೇಡಿ. ಹೊರಗೆ ತೆಗೆದ ಮೇಲೆ ತಾನಾಗಿ ಆರಲಿ. ಬಿಸಿಯಿದ್ದಾಗ ಓಡಿಸಬೇಡಿ, ನೀರು ಸುರಿದು ತಣಿಸಬೇಡಿ.

6. ವಾರಕ್ಕೊಮ್ಮೆ ಚಕ್ಕಿನ ಬಾಯಿಗೂ ಎಣ್ಣೆ ಬಿಡಿ. ನೀರಿನ ತೂತು ಕಟ್ಟಿದ್ದರೆ ಅದಕ್ಕೆಂದೇ ಕೊಟ್ಟ ಸಣ್ಣ ತಂತಿಯಿಂದ ಬಿಡಿಸಿ.

7. ದಿನವೂ ಸಂಜೆ ಕಂಪ್ರೆಸರಿನ ತಳದ ನಲ್ಲಿ ತೆಗೆದು ನೀರು ಹೊರಗೆ ಬಿಡಿ.

ಏಳೇ ಸಾಲು. ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಳಿಯನ್ನು ಒತ್ತಿದರೆ ಅದರಲ್ಲಿನ ತೇವ ನೀರಾಗಿ ತೊಟ್ಟಿಯ ತಳ ಸೇರುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅದನ್ನು ಬಿಡದಿದ್ದರೆ ಗಾಳಿಯ ಜತೆ ಬೇರಿಂಗಿಗೆ ನುಗ್ಗಿ ತುಕ್ಕು ಹಿಡಿಸುತ್ತದೆ. ಗಾಳಿಯ ಒತ್ತಡವೂ ಅಷ್ಟೇ ಮುಖ್ಯ. ಸಾಮಾನ್ಯವಾಗಿ ಹ್ಯಾಂಡ್‌ಪೀಸಿಗೆ ಬೇಕಾದದ್ದು 30ರಿಂದ 35 ಪಿಎಸ್‌ಐ. ಅದನ್ನು ಕಂಪ್ರೆಸರಿನ ಮೀಟರಿನಲ್ಲಿ ನೋಡಿದರೆ ಆಗಲಿಲ್ಲ, ಪೀಸು ಓಡುತ್ತಿರುವಾಗ ಅದರ ಹಿಂಬದಿಯಲ್ಲಿ ಮೀಟರ್ ಇಟ್ಟು ನೋಡಬೇಕು. ‘ಇನ್ನಷ್ಟು ಜೋರಾಗಿ ಕೊರೆಯಲಿ’ ಅಂತ ಒತ್ತಡ ಏರಿಸುವವರಿದ್ದಾರೆ. ಕೊರೆಯುವುದು ಅಷ್ಟೇನೂ ಹೆಚ್ಚುವುದಿಲ್ಲ, ಬೇರಿಂಗ್ ಬೇಗ ಸಾಯುತ್ತದೆ.

ಇನ್ನು ನೀರು. ನಮ್ಮಲ್ಲಿ ಬೋರ್‌ವೆಲ್ಲಿನ ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಹ್ಯಾಂಡ್‌ಪೀಸಿನ ಸೂಜಿಮೊನೆಯಂಥ ತೂತುಗಳಲ್ಲೂ ಕಟ್ಟುತ್ತದೆ. ಕುರ್ಚಿಗೆ ಬಾಟಲಿ ಜೋಡಿಸಿ ಶುದ್ಧ ಮಾಡಿದ ನೀರು ಹಾಕುವುದು ಒಳ್ಳೆಯದು.

ಇದು ಬರೀ ಯಂತ್ರದ ಮಾತಲ್ಲ

‘ಒಂದು ಯಂತ್ರ ಕೆಟ್ಟರೆ ಡಾಕ್ಟರಿಗೆ ನಷ್ಟ, ನಮಗೇನು?’ ಅನ್ನಬೇಡಿ. ಆ ಯಂತ್ರ ಹೋಗುವುದು ನಿಮ್ಮ ಅಮ್ಮನ ಬಾಯಿಗೆ, ನನ್ನ ಮಗಳ ಬಾಯಿಗೆ.

ಗಾಳಿ ಚಕ್ರ ನಿಲ್ಲುವ ಆ ಒಂದು ಗಳಿಗೆಯಲ್ಲಿ ತಲೆಯೊಳಗೆ ಒತ್ತಡ ತಗ್ಗುತ್ತದೆ. ಆಗ ಬಾಯಿಯ ಎಂಜಲು, ರಕ್ತ ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗೆ ಸ್ಪಿರಿಟ್ಟಿನಿಂದ ಒರೆಸಿದರೆ ಒಳಗಿನದು ಹೋಗುವುದಿಲ್ಲ. ಅದು ಮುಂದಿನ ರೋಗಿಯ ಬಾಯಿಗೆ ಚಿಮ್ಮುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1993ರಲ್ಲಿ ಹಲ್ಲಿನ ಡಾಕ್ಟರಿಗೆ ಕೊಟ್ಟ ಸಲಹೆಯಲ್ಲೇ ಪ್ರತಿ ರೋಗಿಗೂ ಹ್ಯಾಂಡ್‌ಪೀಸನ್ನು ಶಾಖದಿಂದ ಶುದ್ಧ ಮಾಡಬೇಕು ಅಂತ ಹೇಳಿತು. 20ರಿಂದ 30 ಸೆಕೆಂಡು ಓಡಿಸಿ ಅನ್ನುವುದು ಅದರ 2003ರ ಸಲಹೆಯಲ್ಲೂ ಇದೆ. ಎರಡೇ ಹ್ಯಾಂಡ್‌ಪೀಸ್ ಇಟ್ಟುಕೊಂಡು, ಒಂದು ರಿಪೇರಿಗೆ ಹೋದರೆ ಇನ್ನೊಂದನ್ನೇ ಒರೆಸಿ ಒರೆಸಿ ಹತ್ತು ಜನರಿಗೆ ಬಳಸುವ ಆಸೆ ಬರುತ್ತದಲ್ಲ, ಅಲ್ಲೇ ಅಪಾಯ ಇರುವುದು. ನೋಡಿಕೊಂಡ ಯಂತ್ರ ಕೈಗೆ ಸಿಗುತ್ತದೆ. ಕೈಗೆ ಸಿಕ್ಕಿದರೆ ಶುದ್ಧ ಮಾಡಲು ಪುರುಸೊತ್ತು ಸಿಗುತ್ತದೆ.

ಇನ್ನೊಂದು ಅಪಾಯ ಸುಡುವುದು. ಕರೆಂಟಿನ ಮೋಟಾರಿನಿಂದ ಓಡುವ ಹ್ಯಾಂಡ್‌ಪೀಸುಗಳೂ ಇವೆ. ಗಾಳಿಯದ್ದಾದರೆ ಬೇರಿಂಗ್ ಹೋದಾಗ ವೇಗ ಇಳಿದು, ಸದ್ದು ಬದಲಾಗಿ ನಮಗೆ ಸೂಚನೆ ಕೊಡುತ್ತದೆ. ಮೋಟಾರಿನದು ಹಾಗಲ್ಲ. ಬೇರಿಂಗ್ ಹಾಳಾದರೂ ಬಲ ಹಾಕಿ ತಿರುಗಿಸುತ್ತಲೇ ಇರುತ್ತದೆ, ತಲೆ ಕಾಯುತ್ತದೆ. ಡಾಕ್ಟರ ಕೈಗೆ ಹಿಡಿಯ ಕಡೆ ಬಿಸಿ ತಿಳಿಯುವುದಿಲ್ಲ, ಇಂಜೆಕ್ಷನ್ ಕೊಟ್ಟಿರುವುದರಿಂದ ರೋಗಿಗೂ ತಿಳಿಯುವುದಿಲ್ಲ. ತುಟಿ, ಕೆನ್ನೆ ಸುಟ್ಟ ಮೇಲೆಯೇ ಗೊತ್ತಾಗುವುದು. ಹೀಗೆ ರೋಗಿಗಳಿಗೆ ಸುಟ್ಟ ಗಾಯವಾದದ್ದರ ಬಗ್ಗೆ ಅಮೆರಿಕದ ಎಫ್‌ಡಿಎ 2007ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಸರಿಯಾಗಿ ನೋಡಿಕೊಳ್ಳದ ಹ್ಯಾಂಡ್‌ಪೀಸು ಅದಕ್ಕೆ ಕಾರಣ ಅಂತ ಅದರಲ್ಲಿ ಹೇಳಿತ್ತು. ಒತ್ತುವ ಗುಂಡಿಯ ಹ್ಯಾಂಡ್‌ಪೀಸಿನಲ್ಲಿ, ತಿರುಗುವಾಗ ಆ ಗುಂಡಿ ಕೆನ್ನೆಗೆ ಒತ್ತಿಕೊಂಡರೂ ಉಜ್ಜಿ ಬಿಸಿಯಾಗುತ್ತದೆ. ಎಣ್ಣೆ ಹಾಕುವುದು ಸಣ್ಣ ಕೆಲಸ ಅಂತ ಇನ್ನು ಹೇಳಬೇಡಿ.

ರಿಪೇರಿ ಕಲಿಯುವವರಿಗೆ

ನಿಮ್ಮಲ್ಲಿ ಕೆಲವರು ಐಟಿಐ ಮಾಡಿದವರಿದ್ದೀರಿ, ಡಿಪ್ಲೊಮಾ ಮಾಡಿದವರಿದ್ದೀರಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ ಶುರುವಾಯಿತು. ಇವತ್ತು ಮಣಿಪಾಲ, ದಾವಣಗೆರೆ, ಧಾರವಾಡ ಅಂತ ರಾಜ್ಯದ ಉದ್ದಗಲಕ್ಕೂ ದಂತ ಕಾಲೇಜುಗಳಿವೆ. ಓದಿ ಹೊರಬಂದವರು ಬೀದಿ ಬೀದಿಯಲ್ಲಿ ಕ್ಲಿನಿಕ್ಕು ತೆರೆದಿದ್ದಾರೆ. ಒಂದೊಂದು ಕ್ಲಿನಿಕ್ಕಿನಲ್ಲೂ ಕೀಂಯ್ ಅನ್ನುವ ಯಂತ್ರ ಇದೆ. ಒಂದಲ್ಲ ಒಂದು ದಿನ ಅದು ಕರಕರ ಅನ್ನಲೇಬೇಕು. ಹತ್ತಿರದಲ್ಲೇ ಎರಡು ದಿನದಲ್ಲಿ ಸರಿಮಾಡಿ ಕೊಡುವ ನಂಬಿಕೆಯ ಹುಡುಗ ಸಿಕ್ಕರೆ ಯಾವ ಡಾಕ್ಟರು ಬೇಡ ಅಂತಾರೆ?

ಆದರೆ ಕೆಲಸಕ್ಕೆ ಒಂದು ನೀತಿ ಇದೆ. ರಿಪೇರಿಗೆ ಬಂದ ಪೀಸನ್ನು ಶುದ್ಧ ಮಾಡಿದ್ದಾರೆ ಅಂತ ನಂಬಬೇಡಿ, ಗ್ಲೌಸು ಹಾಕಿಯೇ ಮುಟ್ಟಿ. ಮೊದಲು ಬಿಚ್ಚದೆ ಪರೀಕ್ಷೆ ಮಾಡಿ. ಬರ್ ಸಿಕ್ಕಿಸಿ ಬೆರಳಿನಿಂದ ತಿರುಗಿಸಿದರೆ ಮರಳು ಸಿಕ್ಕಿದಂತೆ ತಡೆಯುತ್ತದೆಯೇ? ಪಕ್ಕಕ್ಕೆ ಅಲ್ಲಾಡಿಸಿದರೆ ಆಡುತ್ತದೆಯೇ? ಬೇರಿಂಗ್ ಹೋಗಿದೆ. ಬರ್ ಎಳೆದರೆ ಜಾರುತ್ತದೆಯೇ? ಚಕ್ ಹೋಗಿದೆ. ತಿರುಗುತ್ತಾ ತಿರುಗುತ್ತಾ ಬರ್ ಕಳಚಿಕೊಂಡು ರೋಗಿಯ ಗಂಟಲಿಗೆ ಹೋಗಬಹುದು. ಆದ್ದರಿಂದ ಚಕ್ಕಿನ ವಿಷಯದಲ್ಲಿ ‘ಸದ್ಯಕ್ಕೆ ನಡೆಯುತ್ತೆ’ ಅನ್ನುವ ಮಾತೇ ಬೇಡ.

ಬಿಚ್ಚಲು ಅದರದೇ ಕೀಲಿ ಬಳಸಿ, ಇಕ್ಕಳ ಹಾಕಬೇಡಿ. ಬೇರಿಂಗ್ ಬದಲಿಸುವಾಗ ಎರಡನ್ನೂ ಬದಲಿಸಿ, ಒಂದನ್ನೇ ಅಲ್ಲ. ಹಳೆಯ ಓ ರಿಂಗನ್ನು ಮತ್ತೆ ಹಾಕಬೇಡಿ, ಅದು ನಾಲ್ಕಾಣೆಯ ಆಸೆಗೆ ರೂಪಾಯಿ ಕಳೆದ ಹಾಗೆ. ತಲೆಯ ಒಳಮೈ ತುಕ್ಕು ಹಿಡಿದು ಸವೆದಿದ್ದರೆ, ಸ್ಪಿಂಡಲ್ ಬಾಗಿದ್ದರೆ, ‘ಇದಕ್ಕೆ ಹೊಸ ಕಾರ್ಟ್ರಿಜ್ಜೇ ಬೇಕು, ಬೇರಿಂಗ್ ಹಾಕಿದರೆ ಪ್ರಯೋಜನ ಇಲ್ಲ’ ಅಂತ ನೇರ ಹೇಳಿ. ವಾರಂಟಿ ಇರುವ ಪೀಸನ್ನು ಮುಟ್ಟಬೇಡಿ, ಕಂಪನಿಗೇ ಕಳಿಸಿ ಅನ್ನಿ. ಮುಗಿದ ಮೇಲೆ ಮೊದಲು ಕಡಿಮೆ ಒತ್ತಡದಲ್ಲಿ ಓಡಿಸಿ, ಎಣ್ಣೆ ತಿಳಿಯಾಗಿ ಬಂದ ಮೇಲೆ ಪೂರಾ ಒತ್ತಡದಲ್ಲಿ ಓಡಿಸಿ. ತಲೆ ಮುಟ್ಟಿ ನೋಡಿ. ಬಿಸಿ ಅನ್ನಿಸಿದರೆ ಕೊಡಬೇಡಿ. ಕೊಡುವಾಗ ಏನು ಬದಲಿಸಿದ್ದೀರಿ, ಯಾಕೆ ಕೆಟ್ಟಿತ್ತು ಅಂತ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಿ. ಆ ಚೀಟಿಯನ್ನು ಡಾಕ್ಟರು ಓದದಿದ್ದರೂ ಸಹಾಯಕಿ ಓದುತ್ತಾಳೆ. ಓದಬೇಕಾದವಳೂ ಅವಳೇ.

ಆ ಹುಡುಗಿಯ ಸುದ್ದಿ ಹೇಳಿ ಮುಗಿಸುತ್ತೇನೆ. ಕಾರ್ಡು ನೇತುಹಾಕಿದ ಮೇಲೆ ಒಂದು ವರ್ಷ ಆ ಕ್ಲಿನಿಕ್ಕಿನಿಂದ ಹ್ಯಾಂಡ್‌ಪೀಸ್ ರಿಪೇರಿಗೆ ಬರಲಿಲ್ಲ. ‘ಮಾವ, ನಿಮ್ಮ ಕಾರ್ಡಿನಿಂದ ನನ್ನ ಗಿರಾಕಿ ಹೋಯ್ತು’ ಅಂತ ಅಕ್ಕನ ಮಗ ನಕ್ಕ. ಆದರೆ ಆ ಡಾಕ್ಟರು ತಮಗೆ ಗೊತ್ತಿರುವ ನಾಲ್ಕು ಜನರಿಗೆ ಹೇಳಿ, ನಾಲ್ಕು ಹೊಸ ಗಿರಾಕಿ ಬಂದರು. ಹುಡುಗಿಗೆ ಹಿಂದೆ ಮುರಿದ ಸಂಬಳ ವಾಪಸ್ ಬರಲಿಲ್ಲ. ನಾನೂ ಕೇಳಿ ನೋಡಿದೆ, ಆಗಲಿಲ್ಲ. ಆದರೆ ಆಮೇಲೆ ಒಂದು ರೂಪಾಯಿಯನ್ನೂ ಮುರಿದಿಲ್ಲ. ಮೊನ್ನೆ ಹೋದಾಗ ಕೆಲಸಕ್ಕೆ ಹೊಸದಾಗಿ ಸೇರಿದ ಇನ್ನೊಬ್ಬ ಹುಡುಗಿಗೆ, ‘ನೋಡು, ಈ ದೊಡ್ಡ ತೂತಿಗಲ್ಲ, ಅದರ ಪಕ್ಕದ್ದಕ್ಕೆ’ ಅಂತ ಅವಳೇ ತೋರಿಸಿಕೊಡುತ್ತಿದ್ದಳು. ಕಾರ್ಡಿನ ಕಡೆ ನೋಡಲೂ ಇಲ್ಲ. ಬಾಯಿಪಾಠ ಆಗಿಹೋಗಿದೆ.

ಕಲಿಯಬೇಕು ಅನ್ನುವವರು ಶನಿವಾರ ಸಂಜೆ ನಮ್ಮ ಪ್ರೆಸ್ಸಿನ ಮೇಲಿನ ಕೋಣೆಗೆ ಬನ್ನಿ. ಕೆಟ್ಟ ಕಾರ್ಟ್ರಿಜ್ಜುಗಳು ಒಂದು ಡಬ್ಬ ತುಂಬ ಇವೆ, ಬಿಚ್ಚಿ ನೋಡಿ, ಕೆಡಿಸಿದರೂ ಬೈಯುವುದಿಲ್ಲ. ನಾನೇ ಕೆಡಿಸಿ ಕಲಿತವನು. ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಅಕ್ಕ ತಂಗಿಯರಿದ್ದರೆ ಕಾರ್ಡು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಬರುವಾಗ ಚಪ್ಪಲಿ ಕೆಳಗೇ ಬಿಟ್ಟು ಬನ್ನಿ. ಆ ಗಂಜಿ ಪುಡಿ ಮೇಲೆ ಬರಬಾರದು.